ಮೈಕಿನ ಮುಂದೆ ತಡವರಿಸುವ ನಾಯಕ

ಭಾಷಣ ಬಾರದ ನಾಯಕನಿಗೆ ಬುದ್ಧಿಯೂ ಅಷ್ಟಕ್ಕಷ್ಟೇ ಎಂದು ಜನ ಬೇಗ ತೀರ್ಮಾನಿಸುತ್ತಾರೆ. ಪದಕ್ಕಾಗಿ ತಡಕಾಡುವವನು, ಚೀಟಿಯಿಂದ ಕಣ್ಣು ಕೀಳದೆ ಓದುವವನು, ಒತ್ತಕ್ಷರ ತಪ್ಪುವವನು, ಹಿಡಿದ ವಾಕ್ಯ ಮುಗಿಸಲಾಗದೆ ಇನ್ನೊಂದಕ್ಕೆ ಹಾರುವವನು, ಎಲ್ಲರೂ ಒಂದೇ ಗುಂಪಿಗೆ ಸೇರಿ ನಗೆಚಾಟಿಕೆಗೆ ಸರಕಾಗುತ್ತಾರೆ. ನಿರರ್ಗಳವಾಗಿ ಮಾತಾಡುವವನಿಗೆ ಅಷ್ಟೇ ಧಾರಾಳವಾಗಿ ಬುದ್ಧಿವಂತನೆಂಬ ಪಟ್ಟ ಸಿಗುತ್ತದೆ. ಆದರೆ ತಡವರಿಕೆಗೆ ಕಾರಣ ಒಂದೇ ಅಲ್ಲ. ಹೇಳಲು ವಿಚಾರವೇ ಇಲ್ಲದಿರಬಹುದು. ವಿಚಾರವಿದ್ದು ಆ ಭಾಷೆ ಒಲಿಯದಿರಬಹುದು. ವಿಚಾರ, ಭಾಷೆ ಎರಡೂ ಇದ್ದು ನಾಲಿಗೆಯೋ ಉಸಿರೋ ಧೈರ್ಯವೋ ಕೈಕೊಡಬಹುದು. ಕೆಳಗೆ ಕುಳಿತು ಕೇಳುವವನಿಗೆ ಮಾತ್ರ ಮೂರೂ ಒಂದೇ ಥರ ಕೇಳಿಸುತ್ತವೆ.

ಈ ಮೂರನ್ನು ಬಿಡಿಸಿ ನೋಡಲು ತೆಲಂಗಾಣದ ಪೆದ್ದೆಮುಲ್ ಸೀಮೆಯಷ್ಟು ಅನುಕೂಲದ ಜಾಗ ಕಡಿಮೆ. ವಿಕಾರಾಬಾದ್ ಜಿಲ್ಲೆಯ ಈ ಮಂಡಲ ಕೇಂದ್ರ ತಾಂಡೂರು ವಿಧಾನಸಭಾ ಕ್ಷೇತ್ರಕ್ಕೆ ಸೇರಿದೆ. ತಾಂಡೂರು ದಾಟಿದರೆ ಕಲಬುರಗಿ ಜಿಲ್ಲೆಯ ಚಿಂಚೋಳಿ, ಸೇಡಂ ತಾಲ್ಲೂಕುಗಳು. ತೊಗರಿಗೂ ಹಾಸುಗಲ್ಲಿಗೂ ಹೆಸರಾದ ಈ ನೆಲದಲ್ಲಿ ಅಡತಿ ಅಂಗಡಿಯಲ್ಲಿ ಕನ್ನಡದಲ್ಲಿ ರೇಟು ಕುದುರಿಸುವ ರೈತ, ಲಾರಿಯವನೊಂದಿಗೆ ದಖ್ಖನಿಯಲ್ಲಿ ಜಗಳ ತೆಗೆದು, ಮಂಡಲ ಕಚೇರಿಯಲ್ಲಿ ತೆಲುಗಿನಲ್ಲಿ ಅರ್ಜಿ ಬರೆಸುವುದು ದಿನನಿತ್ಯದ ಸಂಗತಿ. ಅಡತಿಯಲ್ಲಿ ಪಳಗಿದ ಮಾತುಗಾರ ಕಚೇರಿಯ ಮೇಜಿನ ಮುಂದೆ ಒಂದೊಂದೇ ಪದ ಆಡುತ್ತಾನೆ. ಆ ಎರಡು ಜಾಗಗಳ ನಡುವೆ ಅವನ ಬುದ್ಧಿಗೆ ಏನೂ ಆಗಿರುವುದಿಲ್ಲ.

ಗಡಿ ಸರಿದಾಗ

ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಆಡಳಿತದ ಭಾಷೆ ಉರ್ದು. ಉರ್ದು ಮನೆಮಾತಾಗಿದ್ದವರು ಹತ್ತಕ್ಕೆ ಒಬ್ಬರಿಗಿಂತ ತುಸು ಹೆಚ್ಚು, ಅಷ್ಟೇ. ಉಳಿದವರದು ತೆಲುಗು, ಮರಾಠಿ, ಕನ್ನಡ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ವೈದ್ಯಕೀಯವನ್ನೂ ಕಾನೂನನ್ನೂ ಉರ್ದುವಿನಲ್ಲೇ ಕಲಿಸಿತು. ಕನ್ನಡದ ಹುಡುಗ ಓದಿ ಮುಂದೆ ಬರಬೇಕಾದರೆ ಉರ್ದುವಿನ ಬಾಗಿಲಿನಲ್ಲೇ ಹಾಯಬೇಕಿತ್ತು.

1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆ ಈ ಸಂಸ್ಥಾನದ ನೆಲವನ್ನು ಮೂರು ಪಾಲು ಮಾಡಿತು. ಗುಲ್ಬರ್ಗ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು; ಅದರ ಕೊಡಂಗಲ್, ತಾಂಡೂರು ತಾಲ್ಲೂಕುಗಳು ಬರಲಿಲ್ಲ. ರಾಯಚೂರು ಬಂತು, ಆಲಂಪುರ, ಗದ್ವಾಲ್ ಉಳಿದವು. ಬೀದರ್ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ನಿರ್ಣಾ ಭಾಗ ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ಜೊತೆಗೆ ನ್ಯಾಲ್ಕಲ್ ಸುತ್ತಿನ ಹಳ್ಳಿಗಳು ಆಂಧ್ರಪ್ರದೇಶದ ಪಾಲಾದವು. ಆ ನವೆಂಬರ್ 1ರಂದು ಯಾರ ಮನೆಮಾತೂ ಬದಲಾಗಲಿಲ್ಲ. ಬದಲಾಗತೊಡಗಿದ್ದು ಕಚೇರಿಯ ಭಾಷೆ, ಶಾಲೆಯ ಪುಸ್ತಕದ ಭಾಷೆ, ಚುನಾವಣಾ ವೇದಿಕೆಯ ಭಾಷೆ. ಉರ್ದುವಿನಲ್ಲಿ ವಾದ ಮಾಡಿ ಹೆಸರು ಗಳಿಸಿದ್ದ ವಕೀಲನಿಗೆ ಗೆರೆಯ ಆಚೆ ತೆಲುಗು ಬೇಕಾಯಿತು, ಈಚೆ ಕನ್ನಡ ಬೇಕಾಯಿತು.

ಗೆರೆಯ ಎರಡು ಬದಿಯಿಂದ ಬೆಳೆದ ಇಬ್ಬರು ನಾಯಕರ ದಾರಿ ಇಲ್ಲಿ ನೆನಪಾಗುತ್ತದೆ. ಚಿಂಚೋಳಿಯ ವೀರೇಂದ್ರ ಪಾಟೀಲರೂ ವಿಕಾರಾಬಾದ್ ಸೀಮೆಯ ಮರ್ರಿ ಚೆನ್ನಾರೆಡ್ಡಿಯವರೂ ಉಸ್ಮಾನಿಯಾದಲ್ಲಿ ಓದಿದವರು. ಒಬ್ಬರು ಕಾನೂನು, ಇನ್ನೊಬ್ಬರು ವೈದ್ಯಕೀಯ. ಚೆನ್ನಾರೆಡ್ಡಿ 1967ರಲ್ಲಿ ಗೆದ್ದದ್ದು ತಾಂಡೂರಿನಿಂದಲೇ. ಇಬ್ಬರೂ ತಮ್ಮ ತಮ್ಮ ರಾಜ್ಯದಲ್ಲಿ ಎರಡೆರಡು ಬಾರಿ ಮುಖ್ಯಮಂತ್ರಿಯಾದರು. ಎರಡನೆಯ ಸರದಿ ಇಬ್ಬರಿಗೂ ಬಂದದ್ದು 1989ರ ಕೊನೆಯಲ್ಲಿ, ಕೆಲವೇ ದಿನಗಳ ಅಂತರದಲ್ಲಿ. ಇಬ್ಬರೂ ಹುದ್ದೆ ಬಿಟ್ಟದ್ದು 1990 ಮುಗಿಯುವ ಮೊದಲು. ಪಕ್ಕಪಕ್ಕದ ಸೀಮೆಯವರು, ಒಂದೇ ವಿಶ್ವವಿದ್ಯಾಲಯದವರು, ಒಬ್ಬರು ಕನ್ನಡದಲ್ಲೂ ಒಬ್ಬರು ತೆಲುಗಿನಲ್ಲೂ ರಾಜಕಾರಣ ಮಾಡಿದರು. ವೇದಿಕೆಯ ಭಾಷೆಯನ್ನು ನಿರ್ಧರಿಸಿದ್ದು ಇಬ್ಬರ ಆಯ್ಕೆಗಿಂತ ಹೆಚ್ಚಾಗಿ ನಕಾಶೆ.

ಕೇಳುಗರ ತಕ್ಕಡಿ

ಭಾಷೆ ಬದಲಾದರೆ ಆಡುವವನ ಬುದ್ಧಿಯ ಬಗ್ಗೆ ಕೇಳುಗನ ಅಭಿಪ್ರಾಯವೂ ಬದಲಾಗುತ್ತದೆ ಎಂಬುದು ಬರೀ ಊಹೆಯಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ವ್ಯಾಲೆಸ್ ಲ್ಯಾಂಬರ್ಟ್ ಮತ್ತು ಸಹೋದ್ಯೋಗಿಗಳು 1960ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಷಯದಲ್ಲಿ ಮೂಲಗ್ರಂಥದಂತಿದೆ. ಇಂಗ್ಲಿಷ್, ಫ್ರೆಂಚ್ ಎರಡನ್ನೂ ಸಲೀಸಾಗಿ ಆಡುವವರಿಂದ ಒಂದೇ ಪಾಠವನ್ನು ಎರಡೂ ಭಾಷೆಯಲ್ಲಿ ಓದಿಸಿ ಧ್ವನಿಮುದ್ರಿಸಿಕೊಂಡರು. ಎರಡೂ ಒಬ್ಬನದೇ ದನಿಯೆಂದು ಕೇಳುಗರಿಗೆ ತಿಳಿಸಲಿಲ್ಲ. ಇಂಗ್ಲಿಷ್‌ನಲ್ಲಿ ಕೇಳಿಸಿದ ದನಿಗೆ ಹೆಚ್ಚು ಬುದ್ಧಿವಂತ, ಹೆಚ್ಚು ನಂಬಿಕಸ್ಥ ಎಂಬ ಅಂಕ ಬಂತು. ಎತ್ತರದ ಆಳು ಎಂದೂ ಕೇಳುಗರು ಊಹಿಸಿದರು. ಫ್ರೆಂಚ್ ಮನೆಮಾತಿನವರೂ ಹಾಗೆಯೇ ಅಂಕ ಕೊಟ್ಟರು. ಅಧಿಕಾರ ಯಾವ ಭಾಷೆಯ ಕಡೆಗಿದೆಯೋ ಬುದ್ಧಿಯೂ ಆ ಕಡೆಗಿದೆ ಎಂಬ ಎಣಿಕೆ ತನ್ನವರ ವಿರುದ್ಧವೂ ಕೆಲಸ ಮಾಡುತ್ತದೆ. 2010ರಲ್ಲಿ ಪ್ರಕಟವಾದ ಶಿರಿ ಲೆವ್-ಆರಿ ಮತ್ತು ಬೋಆಝ್ ಕೈಸರ್ ಅವರ ಅಧ್ಯಯನ ಇನ್ನೂ ಸಣ್ಣ ಸಂಗತಿಯನ್ನು ಹಿಡಿಯಿತು: ಪರಭಾಷೆಯ ಧಾಟಿಯಲ್ಲಿ ಹೇಳಿದ ಸಾಮಾನ್ಯ ಮಾಹಿತಿಯನ್ನೂ ಜನ ಸ್ವಲ್ಪ ಕಡಿಮೆ ನಂಬುತ್ತಾರೆ. ಕಿವಿಗೆ ಆಗುವ ಶ್ರಮವನ್ನು ಹೇಳಿದವನ ಲೆಕ್ಕಕ್ಕೆ ಬರೆಯುತ್ತಾರೆ.

ಕನ್ನಡದ ಒಳಗೇ ಈ ತಕ್ಕಡಿ ಇದೆ. ಹಳೇ ಮೈಸೂರಿನ ಹಳ್ಳಿಯಿಂದ ಬಂದ ಶಾಸಕ ‘ಹಾಸನ’ವನ್ನು ‘ಆಸನ’ ಎಂದರೆ, ಮಹಾಪ್ರಾಣ ಬಿಟ್ಟು ‘ದರ್ಮ’ ಎಂದರೆ ಸದನದ ಗ್ಯಾಲರಿಯಲ್ಲಿ ಮುಸಿಮುಸಿ ನಗು. ಬೀದರ್, ಕಲಬುರಗಿ ಕಡೆಯವರು ‘ಮಾಡಲಾಕತ್ತಾರ’ ಎಂದರೆ ಬೆಂಗಳೂರಿಗೆ ಅದು ಸಿನಿಮಾದ ಹಾಸ್ಯಪಾತ್ರದ ಮಾತಿನಂತೆ ಕೇಳುತ್ತದೆ. ಹಕಾರ ನಿಲ್ಲುವುದೂ ಬೀಳುವುದೂ ಹುಟ್ಟಿದ ಊರು, ಜಾತಿ, ಓದಿದ ಶಾಲೆಯ ಗುರುತು; ಹಣಕಾಸಿನ ಕಡತ ಅರ್ಥವಾಗುತ್ತದೋ ಇಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಹಾಗೆ ನಗುವವರಲ್ಲಿ ಎಷ್ಟು ಮಂದಿ ಬಜೆಟ್ ಪುಸ್ತಕದ ಎರಡನೇ ಪುಟ ತಿರುವಿದ್ದಾರೆ ಎಂದು ಕೇಳುವವರು ಕಡಿಮೆ.

ಕೆಂಪುಕೋಟೆಯ ಹಿಂದಿ

ಕನ್ನಡಿಗರ ಮಟ್ಟಿಗೆ ಈ ಪ್ರಶ್ನೆಯ ಅತಿ ದೊಡ್ಡ ಉದಾಹರಣೆ ಎಚ್.ಡಿ. ದೇವೇಗೌಡರು. 1996ರ ಜೂನ್ 1ರಂದು ಪ್ರಧಾನಿಯಾದಾಗ ಅವರಿಗೆ ಹಿಂದಿ ಬರುತ್ತಿರಲಿಲ್ಲ. ಹಾಸನ ಜಿಲ್ಲೆಯ ಹರದನಹಳ್ಳಿಯಲ್ಲಿ ಹುಟ್ಟಿ, ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಮಾಡಿ, 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ಗೆದ್ದು ಬಂದವರಿಗೆ ಅಷ್ಟು ಕಾಲ ಅದರ ಅಗತ್ಯವೇ ಬಿದ್ದಿರಲಿಲ್ಲ. ಆ ವರ್ಷದ ಆಗಸ್ಟ್ 15ರಂದು ಕೆಂಪುಕೋಟೆಯ ಮೇಲಿನಿಂದ ಅವರು ಹಿಂದಿಯಲ್ಲೇ ಭಾಷಣ ಮಾಡಿದರು. ಕನ್ನಡ ಲಿಪಿಯಲ್ಲಿ ಬರೆದುಕೊಂಡ ಹಿಂದಿಯನ್ನು ಓದಿದರು. ಉತ್ತರದ ಕೇಳುಗರಿಗೆ ಕೇಳಿದ್ದು ಎಲ್ಲೆಲ್ಲೋ ನಿಲ್ಲುವ, ಎಲ್ಲೆಲ್ಲೋ ಒತ್ತು ಬೀಳುವ ಹಿಂದಿ. ದೆಹಲಿಯ ಪತ್ರಿಕೆಗಳಿಗೆ ಅವರ ಮುಚ್ಚಿದ ಕಣ್ಣಿನ ಚಿತ್ರಗಳೂ ಸಿಕ್ಕವು. ಪ್ರಧಾನಿಗೆ ತಲೆ ಓಡುವುದಿಲ್ಲ ಎಂಬ ಅಭಿಪ್ರಾಯ ಇವೆರಡರಿಂದಲೇ ಬಹುಪಾಲು ಸಿದ್ಧವಾಯಿತು.

ಅದೇ ಸರ್ಕಾರದ ಕಾಲದ ದಾಖಲೆ ಬೇರೆ ಕಥೆ ಹೇಳುತ್ತದೆ. 1996ರ ನವೆಂಬರ್ 29ರಂದು ಚೀನಾದೊಂದಿಗೆ ಗಡಿಯ ಸೇನಾ ವಿಶ್ವಾಸವೃದ್ಧಿಯ ಒಪ್ಪಂದವಾಯಿತು. ಡಿಸೆಂಬರ್ 12ರಂದು ದೇವೇಗೌಡರೂ ಶೇಖ್ ಹಸೀನಾ ಅವರೂ ಗಂಗಾ ನೀರು ಹಂಚಿಕೆಯ 30 ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಿದರು. ಫರಕ್ಕಾ ಅಣೆಕಟ್ಟಿನಿಂದ ಎದ್ದ ಎರಡು ದಶಕಗಳ ತಕರಾರಿಗೆ ಅದು ಒಂದು ನಿಲುಗಡೆ ಕೊಟ್ಟಿತು. 1997ರ ಜನವರಿಯಲ್ಲಿ ಅಸ್ಸಾಮಿನ ಬೋಗಿಬೀಲ್ ಸೇತುವೆಗೆ ಅಡಿಗಲ್ಲು ಬಿತ್ತು. ಸೇತುವೆ ಸಂಚಾರಕ್ಕೆ ತೆರೆದದ್ದು 2018ರ ಡಿಸೆಂಬರ್‌ನಲ್ಲಿ. ಇವೆಲ್ಲ ಒಬ್ಬರ ಸಾಧನೆಯಲ್ಲ. ಒಪ್ಪಂದಗಳ ಹಿಂದೆ ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಇದ್ದರು, ಗಂಗೆಯ ವಿಷಯದಲ್ಲಿ ಪಶ್ಚಿಮ ಬಂಗಾಳದ ಜ್ಯೋತಿ ಬಸು ಇದ್ದರು. ಆದರೂ ನೀರು ಹಂಚಿಕೆಯ ಕಗ್ಗಂಟು ಏನೆಂದು ಪ್ರಧಾನಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಕರ್ನಾಟಕದ ನೀರಾವರಿ ಖಾತೆ ನೋಡಿಕೊಂಡವರು, ಕಾವೇರಿಯ ಟಿಎಂಸಿ ಲೆಕ್ಕವನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡವರು ಎಂದು ವಿರೋಧಿಗಳೂ ಒಪ್ಪುತ್ತಿದ್ದರು. ಅದೇ ನಾಲಿಗೆ ಹಿಂದಿಯಲ್ಲಿ ತಡವರಿಸಿತು.

ಅವರ ನಂತರ ಬಂದ ಗುಜ್ರಾಲರದು ಉರ್ದುವಿನಲ್ಲೂ ಇಂಗ್ಲಿಷ್‌ನಲ್ಲೂ ನಯವಾದ ಮಾತು. ಅವರ ಸರ್ಕಾರವೂ ವರ್ಷ ತುಂಬುವ ಮೊದಲೇ ಬಿತ್ತು. ಎರಡೂ ಸರ್ಕಾರಗಳನ್ನು ಉರುಳಿಸಿದ್ದು ಕಾಂಗ್ರೆಸ್ಸಿನ ಹೊರಗಿನ ಬೆಂಬಲದ ಲೆಕ್ಕಾಚಾರ; ಪ್ರಧಾನಿಯ ವಾಕ್ಚಾತುರ್ಯ ಅಲ್ಲಿ ಕೆಡಿಸಲೂ ಇಲ್ಲ, ಉಳಿಸಲೂ ಇಲ್ಲ.

ದೇವೇಗೌಡರ ಪಕ್ಕದಲ್ಲಿ ಮಲ್ಲಿಕಾರ್ಜುನ ಖರ್ಗೆಯವರನ್ನು ನಿಲ್ಲಿಸಿ ನೋಡಿದರೆ ಭೂಗೋಳದ ಪಾತ್ರ ಸ್ಪಷ್ಟವಾಗುತ್ತದೆ. 1942ರಲ್ಲಿ ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ಬೆಳೆದ ಖರ್ಗೆ, ತೆಲಂಗಾಣದ ಗಡಿಗೆ ತಾಗಿದ ಗುರುಮಠಕಲ್ಲಿನಿಂದ 1972ರಿಂದ ಸತತವಾಗಿ ಗೆಲ್ಲುತ್ತ ಬಂದವರು. 2014ರಲ್ಲಿ ಲೋಕಸಭೆಯಲ್ಲಿ ಕಾಂಗ್ರೆಸ್ ನಾಯಕರಾದಾಗ ದಕ್ಷಿಣದ ಈ ಸದಸ್ಯ ಎದುರು ಪಾಳಯಕ್ಕೆ ಹಿಂದಿಯಲ್ಲೇ ಉತ್ತರ ಕೊಟ್ಟದ್ದು ದೆಹಲಿಗೆ ಅಚ್ಚರಿ ಎನಿಸಿತು. ಕಲಬುರಗಿಯವರಿಗೆ ಅಚ್ಚರಿಯೇನೂ ಇರಲಿಲ್ಲ. ನಿಜಾಮರ ಕಾಲದ ಉರ್ದು ಮತ್ತು ಬೀದಿಯ ದಖ್ಖನಿ ಅಲ್ಲಿನ ಗಾಳಿಯಲ್ಲೇ ಇತ್ತು. ಹಾಸನದವರಿಗೆ ಇಲ್ಲದ್ದು ಭಾಲ್ಕಿಯವರಿಗೆ ದಕ್ಕಿದ್ದು ಬುದ್ಧಿಯ ಹೆಚ್ಚುಗಾರಿಕೆಯಿಂದಲ್ಲ. ಒಂದು ಊರು ಒಡೆಯರ ರಾಜ್ಯದಲ್ಲಿತ್ತು, ಇನ್ನೊಂದು ನಿಜಾಮರದರಲ್ಲಿ.

ಬಾರದ ಭಾಷೆಯಲ್ಲಿ ತಡವರಿಸುವುದಕ್ಕೆ ಇನ್ನೊಂದು ದಾರಿಯೂ ಇತ್ತು. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋದ ಸಮಾಜವಾದಿ ಜೆ.ಎಚ್. ಪಟೇಲರು ಸದನದಲ್ಲಿ ಕನ್ನಡದಲ್ಲೇ ಮಾತಾಡಿದರು. ಇಂಗ್ಲಿಷ್ ಬಾರದೆ ಹಾಗೆ ಮಾಡಿದವರಲ್ಲ ಅವರು. ಸಂವಿಧಾನದ 120ನೇ ವಿಧಿ, ಹಿಂದಿ ಅಥವಾ ಇಂಗ್ಲಿಷ್‌ನಲ್ಲಿ ಸರಿಯಾಗಿ ಹೇಳಿಕೊಳ್ಳಲಾಗದ ಸದಸ್ಯನಿಗೆ ತಾಯ್ನುಡಿಯಲ್ಲಿ ಮಾತಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು ಎನ್ನುತ್ತದೆ; ವಿಧಾನಮಂಡಲಗಳಿಗೆ 210ನೇ ವಿಧಿಯಲ್ಲಿ ಇಂಥದೇ ಅವಕಾಶವಿದೆ. ಸಂವಿಧಾನ ಬರೆದವರಿಗೆ ಹೇಳಿಕೊಳ್ಳಲಾಗದಿರುವುದೂ ತಿಳಿಯದಿರುವುದೂ ಬೇರೆಬೇರೆ ಎಂಬುದು ಗೊತ್ತಿತ್ತು. ಅದಕ್ಕೆ ತಕ್ಕ ವ್ಯವಸ್ಥೆ ಬರಲು ಬಹಳ ಕಾಲ ಹಿಡಿಯಿತು: ರಾಜ್ಯಸಭೆಯಲ್ಲಿ 22 ಭಾಷೆಗಳಿಂದಲೂ ಏಕಕಾಲದ ಅನುವಾದ ಸಿಗುತ್ತದೆ ಎಂದು ಸಭಾಪತಿ ವೆಂಕಯ್ಯ ನಾಯ್ಡು ಪ್ರಕಟಿಸಿದ್ದು 2018ರಲ್ಲಿ.

ನಾಲಿಗೆಯ ತೊಡಕು

ಭಾಷೆ ಚೆನ್ನಾಗಿ ಬಂದರೂ ಮಾತು ಎಡವಬಹುದು. ಮಾತು ಹುಟ್ಟುವ ಬಗೆಯನ್ನು ಡಚ್ ವಿದ್ವಾಂಸ ವಿಲೆಮ್ ಲೆವೆಲ್ಟ್ 1989ರ ತಮ್ಮ ಗ್ರಂಥದಲ್ಲಿ ಹಂತಹಂತವಾಗಿ ವಿವರಿಸಿದರು: ಮೊದಲು ಹೇಳಬೇಕಾದ್ದು ಮನಸ್ಸಿನಲ್ಲಿ ರೂಪುಗೊಳ್ಳುತ್ತದೆ, ನಂತರ ಅದಕ್ಕೆ ಪದ ಮತ್ತು ವ್ಯಾಕರಣ ಒದಗುತ್ತವೆ, ಕೊನೆಗೆ ನಾಲಿಗೆ, ತುಟಿ, ಉಸಿರು ಅದನ್ನು ಸದ್ದು ಮಾಡುತ್ತವೆ. ಸಾಮಾನ್ಯ ಸಂಭಾಷಣೆಯಲ್ಲಿ ಸೆಕೆಂಡಿಗೆ ಎರಡು ಮೂರು ಪದಗಳಂತೆ ಇದೆಲ್ಲ ನಡೆದುಹೋಗುತ್ತದೆ. ಕೊನೆಯ ಹಂತದಲ್ಲಿ ಕೆಟ್ಟದ್ದು ಮೊದಲ ಹಂತ ಕೆಟ್ಟಿದೆ ಎಂಬುದಕ್ಕೆ ಸಾಕ್ಷಿಯಾಗದು. ಇದಕ್ಕೆ ವೈದ್ಯಕೀಯದ ಹಳೆಯ ಪುರಾವೆ ಪ್ಯಾರಿಸ್ಸಿನದು. 1861ರಲ್ಲಿ ಪಾಲ್ ಬ್ರೋಕಾ ಪರೀಕ್ಷಿಸಿದ ರೋಗಿಯ ಬಾಯಲ್ಲಿ ಬರುತ್ತಿದ್ದುದು ‘ತಾನ್’ ಎಂಬ ಒಂದೇ ಸದ್ದು. ಆದರೆ ತನಗೆ ಹೇಳಿದ್ದು ಅವನಿಗೆ ಬಹುಮಟ್ಟಿಗೆ ತಿಳಿಯುತ್ತಿತ್ತು. ಸತ್ತ ಮೇಲೆ ಅವನ ಮಿದುಳಿನ ಎಡಭಾಗದ ಮುಂದಿನ ಜಾಗದಲ್ಲಿ ಗಾಯ ಕಂಡಿತು.

ಉಗ್ಗು ಇನ್ನೂ ಸಾಮಾನ್ಯ. ಮಕ್ಕಳಲ್ಲಿ ನೂರಕ್ಕೆ ಸುಮಾರು ಐವರು ಒಂದಲ್ಲ ಒಂದು ಹೊತ್ತಿನಲ್ಲಿ ಉಗ್ಗುತ್ತಾರೆ, ಹೆಚ್ಚಿನವರಲ್ಲಿ ಅದು ತಾನೇ ಹೋಗುತ್ತದೆ, ದೊಡ್ಡವರಲ್ಲಿ ನೂರಕ್ಕೆ ಒಬ್ಬರಷ್ಟು ಉಳಿಯುತ್ತಾರೆ. ಗಂಡಸರಲ್ಲಿ ಹೆಂಗಸರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು. ಉಗ್ಗುವವರು ಹಾಡುವಾಗ, ಗುಂಪಿನಲ್ಲಿ ಒಟ್ಟಿಗೆ ಓದುವಾಗ ಸಾಮಾನ್ಯವಾಗಿ ಉಗ್ಗುವುದಿಲ್ಲ. ಬುದ್ಧಿಮಟ್ಟಕ್ಕೂ ಉಗ್ಗಿಗೂ ನಂಟಿಲ್ಲ ಎಂಬುದನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಮಕ್ಕಳ ತಾಯ್ತಂದೆಯರಿಗೆ ಮೊದಲು ಹೇಳಬೇಕಾಗುತ್ತದೆ. ಬ್ರಿಟನ್ನಿನ ಅನೈರಿನ್ ಬೆವನ್ ಗಣಿ ಕಾರ್ಮಿಕನ ಮಗ, ತಾನೂ ಹುಡುಗನಾಗಿ ಗಣಿಗಿಳಿದವನು, ಉಗ್ಗುತ್ತಿದ್ದವನು. ನಾಲಿಗೆ ಸಿಕ್ಕಿಕೊಳ್ಳುವ ಪದ ಬಂದರೆ ಅದೇ ಅರ್ಥದ ಬೇರೆ ಪದಕ್ಕೆ ಹಾರುವುದನ್ನು ರೂಢಿಸಿಕೊಂಡು ಅಪಾರ ಪದಸಂಪತ್ತು ಗಳಿಸಿದ. 1948ರಲ್ಲಿ ಆ ದೇಶದ ಸಾರ್ವಜನಿಕ ಆರೋಗ್ಯ ಸೇವೆಯನ್ನು ಆರಂಭಿಸಿದ ಮಂತ್ರಿ ಅವನೇ, ಸಂಸತ್ತಿನ ದೊಡ್ಡ ಮಾತುಗಾರರಲ್ಲೊಬ್ಬ ಎಂದು ಹೆಸರಾದವನೂ ಅವನೇ.

ಅಮೆರಿಕದ ಥಾಮಸ್ ಜೆಫರ್ಸನ್‌ಗೆ ಉಗ್ಗಿರಲಿಲ್ಲ, ಗಂಟಲೇ ಏಳುತ್ತಿರಲಿಲ್ಲ. 1801ರಲ್ಲಿ ಅಧ್ಯಕ್ಷನಾಗಿ ಮಾಡಿದ ಮೊದಲ ಭಾಷಣ ಮುಂದಿನ ಸಾಲಿನವರಿಗಷ್ಟೇ ಕೇಳಿಸಿತೆನ್ನುತ್ತಾರೆ. ಸಂಸತ್ತಿನ ಎದುರು ನಿಂತು ವಾರ್ಷಿಕ ಸಂದೇಶ ಓದುವ ಪದ್ಧತಿಯನ್ನೇ ಆತ ಬಿಟ್ಟು, ಬರೆದು ಕಳಿಸತೊಡಗಿದ. 1913ರಲ್ಲಿ ವುಡ್ರೋ ವಿಲ್ಸನ್ ಮತ್ತೆ ಶುರುಮಾಡುವ ತನಕ ಉಳಿದವರೂ ಹಾಗೇ ಮಾಡಿದರು. ಸ್ವಾತಂತ್ರ್ಯ ಘೋಷಣೆಯ ಕರಡು ಬರೆದವನ ಬುದ್ಧಿಯನ್ನು ಅವನ ಗಂಟಲಿನಿಂದ ಅಳೆಯುವ ಧೈರ್ಯ ಯಾರಿಗೂ ಬಂದಂತಿಲ್ಲ.

ಮಾತಾಡಿದವರು, ಮಾಡಿದವರು

ಕರ್ನಾಟಕದ ಭೂಸುಧಾರಣೆಯ ಚರಿತ್ರೆಯಲ್ಲಿ ಈ ಪ್ರಶ್ನೆಯ ಎರಡೂ ತುದಿಗಳು ಕಾಣುತ್ತವೆ. ಶಾಂತವೇರಿ ಗೋಪಾಲಗೌಡರದು ಬೆಂಕಿಯಂಥ ಮಾತು. 1951ರ ಕಾಗೋಡು ಸತ್ಯಾಗ್ರಹದಿಂದ ಮೇಲೆದ್ದು 1952ರಲ್ಲಿ ವಿಧಾನಸಭೆಗೆ ಬಂದ ಅವರು, ಗೇಣಿದಾರನ ಪ್ರಶ್ನೆಯನ್ನು ಸದನ ಮರೆಯದಂತೆ ಮಾಡಿದರು. ಅಧಿಕಾರ ಅವರಿಗೆ ಸಿಗಲಿಲ್ಲ, 1972ರಲ್ಲಿ ತೀರಿಕೊಂಡರು. ಅದೇ ವರ್ಷ ಮುಖ್ಯಮಂತ್ರಿಯಾದ ದೇವರಾಜ ಅರಸರು ವಾಗ್ಮಿ ಎಂದು ಹೆಸರಾದವರಲ್ಲ. ಪೈಪು ಹಿಡಿದು ಕೂತು ಎದುರಿನವರ ಮಾತು ಕೇಳುವುದು ಅವರ ರೀತಿ. ಗೇಣಿ ಪದ್ಧತಿಯನ್ನು ತೆಗೆದುಹಾಕಿದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದದ್ದು, ತಾಲ್ಲೂಕಿಗೊಂದು ಭೂ ನ್ಯಾಯಮಂಡಳಿ ಕೂತದ್ದು, ಹಾವನೂರು ಆಯೋಗ ನೇಮಕವಾಗಿ 1975ರಲ್ಲಿ ಹಿಂದುಳಿದ ವರ್ಗಗಳ ವರದಿ ಕೊಟ್ಟದ್ದು ಅವರ ಕಾಲದಲ್ಲಿ. ಭೂಮಾಲೀಕರೇ ತುಂಬಿದ್ದ ಪಕ್ಷದೊಳಗೆ ಇದನ್ನು ದಾಟಿಸಲು ಯಾರನ್ನು ಎಲ್ಲಿ ಕೂರಿಸಬೇಕು, ಯಾರನ್ನು ಯಾರಿಂದ ದೂರ ಇಡಬೇಕು ಎಂಬ ಲೆಕ್ಕ ಬೇಕಿತ್ತು. ಆ ಬುದ್ಧಿ ಮೈಕಿನಲ್ಲಿ ಕೇಳಿಸುವಂಥದಲ್ಲ. ಹಾಗೆಂದು ಗೋಪಾಲಗೌಡರಂಥವರು ಇಪ್ಪತ್ತು ವರ್ಷ ಮಾತಾಡಿ ನೆಲ ಹದಮಾಡದಿದ್ದರೆ ಅರಸರ ಲೆಕ್ಕಕ್ಕೆ ಬೆಲೆ ಬರುತ್ತಿತ್ತೆಂದು ಹೇಳುವುದೂ ಕಷ್ಟ.

ನೆರೆಯ ತಮಿಳುನಾಡಿನ ಕಾಮರಾಜರು ಶಾಲೆಯನ್ನು ಬೇಗ ಬಿಟ್ಟವರು. ಅಣ್ಣಾದುರೈ ಅವರ ಅಲಂಕಾರದ ತಮಿಳಿನ ಮುಂದೆ ಅವರದು ತುಂಡು ತುಂಡು ವಾಕ್ಯ. 1954ರಿಂದ 1963ರವರೆಗಿನ ಅವರ ಆಡಳಿತ ಶಾಲೆಗಳಿಗೂ ಮಕ್ಕಳ ಮಧ್ಯಾಹ್ನದ ಊಟಕ್ಕೂ ನೆನಪಾಗುತ್ತದೆ. 1964ರಲ್ಲಿ, ಮತ್ತೆ 1966ರಲ್ಲಿ ದೇಶದ ಪ್ರಧಾನಿ ಯಾರಾಗಬೇಕೆಂಬುದನ್ನು ತೂಗಿ ನಿರ್ಧರಿಸಿದ ಕೈಗಳಲ್ಲಿ ಅವರದು ಮುಖ್ಯ.

ತೆಲಂಗಾಣದವರೇ ಆದ ಪಿ.ವಿ. ನರಸಿಂಹರಾಯರ ಉದಾಹರಣೆ ಬೇರೆ ಜಾತಿಯದು. ಅವರಿಗೆ ಭಾಷೆಗಳ ಕೊರತೆಯಿರಲಿಲ್ಲ. ವಿಶ್ವನಾಥ ಸತ್ಯನಾರಾಯಣರ ‘ವೇಯಿ ಪಡಗಲು’ ಕಾದಂಬರಿಯನ್ನು ತೆಲುಗಿನಿಂದ ಹಿಂದಿಗೆ ‘ಸಹಸ್ರಫಣ್’ ಎಂದು ತಂದವರು, ಮರಾಠಿಯಿಂದ ತೆಲುಗಿಗೆ ಅನುವಾದಿಸಿದವರು. ಆದರೂ ವೇದಿಕೆಯಲ್ಲಿ ಏರಿಳಿತವಿಲ್ಲದ ದನಿ, ಸಂಸತ್ತಿನಲ್ಲಿ ದೀರ್ಘ ಮೌನ. 1991ರ ಆರ್ಥಿಕ ಸುಧಾರಣೆಗಳನ್ನು ಅವರ ಅಲ್ಪಮತದ ಸರ್ಕಾರ ದಾಟಿಸಿದ್ದು ಸದ್ದು ಮಾಡದೆ. ಅವರ ಮೌನದ ಸುತ್ತ ಮುಂದೆ ಒಂದು ಪುರಾಣವೇ ಬೆಳೆಯಿತು. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ನೆನೆದು ಮಾತಾಡದವರೆಲ್ಲ ಜಾಣರೆಂದು ನಂಬುವವರಿದ್ದಾರೆ. ಅದೂ ಮೊದಲಿನ ತಪ್ಪೇ, ದಿಕ್ಕು ಬೇರೆ. ಖಾಲಿ ಕೊಡವೂ ಅಲುಗಾಡಿಸದಿದ್ದರೆ ಸುಮ್ಮನೇ ಇರುತ್ತದೆ.

ನಿರರ್ಗಳ ಮಾತೂ ಹಾಗೇ. ಅಮೆರಿಕದಲ್ಲಿ 1970ರಲ್ಲಿ ಮನೋವೈದ್ಯರು ಮತ್ತು ಶಿಕ್ಷಕರ ಸಭೆಯೊಂದರಲ್ಲಿ ‘ಡಾಕ್ಟರ್ ಫಾಕ್ಸ್’ ಎಂಬಾತನಿಂದ ಉಪನ್ಯಾಸ ಮಾಡಿಸಿದರು. ವಿಷಯ, ವೈದ್ಯ ಶಿಕ್ಷಣಕ್ಕೆ ಗಣಿತದ ಗೇಮ್ ಥಿಯರಿಯ ಅನ್ವಯ. ಆತ ನಟ, ವಿಷಯದ ಗಂಧವೂ ಇರಲಿಲ್ಲ. ಪರಸ್ಪರ ವಿರುದ್ಧ ಮಾತು, ಹೊಸದಾಗಿ ಕಟ್ಟಿದ ಪದ, ಒಂದಿಷ್ಟು ಹಾಸ್ಯ, ಬೆಚ್ಚಗಿನ ದನಿ, ಇಷ್ಟರಲ್ಲೇ ಗಂಟೆ ಕಳೆದ. ಕೇಳಿದ ತಜ್ಞರು ಒಳ್ಳೆಯ ಅಭಿಪ್ರಾಯ ಬರೆದುಕೊಟ್ಟರು. 1973ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಚುನಾವಣಾ ಸಭೆಗಳಿಗೆ ಹೊಂದಿಸಿ ನೋಡುವುದು ಕಷ್ಟವೇನಲ್ಲ.

ಮಾತು ಸಾಕ್ಷಿಯಾಗುವುದು ಯಾವಾಗ

ಮಾತಿಗೂ ಬುದ್ಧಿಗೂ ಯಾವ ಸಂಬಂಧವೂ ಇಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಬುದ್ಧಿ ಪರೀಕ್ಷೆಗಳಲ್ಲಿ ಪದಗಳ ಅರ್ಥ ಕೇಳುವ ಭಾಗದ ಅಂಕ ಒಟ್ಟು ಅಂಕದೊಂದಿಗೆ ಗಟ್ಟಿಯಾಗಿ ಹೊಂದಿಕೊಳ್ಳುತ್ತದೆ. ಆದರೆ ಅಲ್ಲಿ ಕೇಳುವುದು ಬಲ್ಲ ಭಾಷೆಯಲ್ಲಿ ಅರ್ಥ ಗೊತ್ತೇ ಎಂದು. ಸಾವಿರ ಜನರ ಮುಂದೆ ದನಿ ಏರಿಸಲು ಬರುತ್ತದೆಯೇ ಎಂದಲ್ಲ. ಅದೇ ಪರೀಕ್ಷೆಯನ್ನು ಅರೆಬರೆ ಗೊತ್ತಿರುವ ಭಾಷೆಯಲ್ಲಿ ಕೊಟ್ಟರೆ ಅಂಕ ಇಳಿಯುತ್ತದೆ.

ಹಾಗಾಗಿ ನೋಡಬೇಕಾದ್ದು ನಾಯಕ ತನ್ನ ಗಟ್ಟಿ ಭಾಷೆಯಲ್ಲಿ, ಚೀಟಿಯಿಲ್ಲದೆ, ಎದುರಿನಿಂದ ಬಂದ ಪ್ರಶ್ನೆಗೆ ಏನು ಹೇಳುತ್ತಾನೆ ಎಂಬುದನ್ನು. ಬರೆದ ಭಾಷಣ ಯಾರ ಬುದ್ಧಿಯನ್ನೂ ತೋರಿಸುವುದಿಲ್ಲ, ಅಥವಾ ಬರೆದುಕೊಟ್ಟ ಅಧಿಕಾರಿಯದನ್ನು ತೋರಿಸುತ್ತದೆ. ಸಂವಿಧಾನದ 176ನೇ ವಿಧಿಯಡಿ ರಾಜ್ಯಪಾಲರು ಓದುವ ಭಾಷಣವಂತೂ ಸರ್ಕಾರವೇ ಬರೆದುಕೊಡುವಂಥದು. ಸದನದ ಪ್ರಶ್ನೋತ್ತರ ವೇಳೆಯಲ್ಲಿ ಲಿಖಿತ ಉತ್ತರ ಮುಗಿದ ಮೇಲೆ ಬರುವ ಉಪಪ್ರಶ್ನೆ ಬೇರೆ ಪರೀಕ್ಷೆ. ಅಲ್ಲಿ ಮಂತ್ರಿ ಎಷ್ಟೇ ತೊದಲಿದರೂ ಪ್ರಶ್ನೆ ಏನೆಂದು ಹಿಡಿದು ಅದಕ್ಕೇ ಉತ್ತರಿಸಿದರೆ ತಲೆ ಓಡುತ್ತಿದೆ ಎಂದರ್ಥ. ಸಲೀಸಾಗಿ ಮಾತಾಡುತ್ತಲೇ ಪ್ರಶ್ನೆಯ ಸುತ್ತ ಪ್ರದಕ್ಷಿಣೆ ಹಾಕಿದರೆ ಒಂದೋ ವಿಷಯ ತಿಳಿದಿಲ್ಲ, ಇಲ್ಲವೇ ಮುಚ್ಚಿಡಲು ಏನೋ ಇದೆ. ಮೂಲ ಅಂಕಿಯನ್ನೇ ಪದೇಪದೇ ತಪ್ಪುವುದು, ಕಾರಣಕ್ಕೂ ಪರಿಣಾಮಕ್ಕೂ ಗಂಟು ಕಟ್ಟಲಾಗದಿರುವುದು, ತಿದ್ದಿದರೂ ಅದೇ ತಪ್ಪಿಗೆ ಮರಳುವುದು, ಇವು ಉಚ್ಚಾರದ ದೋಷಗಳಲ್ಲ.

ಮಾತು ಕಾಲಕ್ರಮದಲ್ಲಿ ಕೆಡುತ್ತ ಹೋದರೆ ಅದಕ್ಕೂ ಅರ್ಥವಿರಬಹುದು. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ರೊನಾಲ್ಡ್ ರೇಗನ್ ಅವರ ಪತ್ರಿಕಾಗೋಷ್ಠಿಗಳ ಬರಹರೂಪವನ್ನು ಹಿರಿಯ ಜಾರ್ಜ್ ಬುಷ್ ಅವರದರೊಂದಿಗೆ ಹೋಲಿಸಿದರು. ರೇಗನ್ ಮಾತಿನಲ್ಲಿ ವರ್ಷ ಕಳೆದಂತೆ ಬೇರೆಬೇರೆ ಪದಗಳ ಬಳಕೆ ಕಡಿಮೆಯಾಗಿ, ನಿರ್ದಿಷ್ಟವಲ್ಲದ ನಾಮಪದಗಳೂ ತುಂಬುಪದಗಳೂ ಹೆಚ್ಚಾಗಿದ್ದವು. ಬುಷ್ ಮಾತಿನಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ರೇಗನ್‌ಗೆ ಆಲ್‌ಝೈಮರ್ ಇದೆಯೆಂದು ಹೊರಗೆ ತಿಳಿದದ್ದು 1994ರಲ್ಲಿ, ಅಧಿಕಾರ ಬಿಟ್ಟು ಐದು ವರ್ಷಗಳಾದ ಮೇಲೆ. ‘ಮಹಾ ಸಂವಾದಿ’ ಎಂದು ಬಿರುದಾಂಕಿತನಾದ ಆ ನಟ-ಅಧ್ಯಕ್ಷನ ದನಿ, ನಗು, ನಿಲುವು ಕೊನೆಯವರೆಗೂ ಚೆನ್ನಾಗಿಯೇ ಇದ್ದವು. ಸಂಶೋಧಕರಿಗೆ ಸಿಕ್ಕ ಬದಲಾವಣೆ ಸಭೆಯಲ್ಲಿ ಕೂತವರ ಕಿವಿಗೆ ಬೀಳುವಂಥದಾಗಿರಲಿಲ್ಲ.

ಹೇಳಿ ಒಪ್ಪಿಸುವುದು ಪ್ರಜಾಪ್ರಭುತ್ವದಲ್ಲಿ ನಾಯಕನ ಕೆಲಸದ ಒಂದು ಪಾಲು ಎಂಬುದೂ ನಿಜ. ತಾನು ಯಾಕೆ ಹೀಗೆ ಮಾಡಿದೆ ಎಂದು ಜನರಿಗೆ ತಿಳಿಸಲಾಗದವನು ಒಳ್ಳೆಯ ತೀರ್ಮಾನವನ್ನೂ ಕಳೆದುಕೊಳ್ಳಬಹುದು. ಅದು ಅವನ ರಾಜಕೀಯ ಸಾಮರ್ಥ್ಯದ ಕೊರತೆ ಎನ್ನಿಸಿಕೊಳ್ಳುತ್ತದೆ, ಗ್ರಹಿಕೆಯ ಕೊರತೆ ಎನ್ನುವಂತಿಲ್ಲ. ಒಳ್ಳೆಯ ಮಾತುಗಾರನನ್ನು ಪಕ್ಕದಲ್ಲಿ ಇಟ್ಟುಕೊಂಡು ಅದನ್ನು ತುಂಬಿಕೊಳ್ಳಬಹುದು. ಬೈಬಲ್ಲಿನ ಮೋಶೆ ತನ್ನ ನಾಲಿಗೆ ಮಂದವೆಂದು ಹಿಂಜರಿದಾಗ ಅಣ್ಣ ಆರೋನನೇ ಬಾಯಾದ. ಗ್ರಹಿಕೆಗೆ ಹಾಗೆ ಬದಲಿ ಆಳು ಸಿಗುವುದಿಲ್ಲ.

ಪಂಚಾಯಿತಿಯ ಚಾಪೆ

ಮಾತಿನಿಂದ ಬುದ್ಧಿಯನ್ನು ಅಳೆಯುವ ಈ ರೂಢಿಯ ಬಿಸಿ ಹೆಚ್ಚು ತಟ್ಟುವುದು ಕೆಳಹಂತದಲ್ಲಿ. 2018ರ ತೆಲಂಗಾಣ ಪಂಚಾಯತ್ ರಾಜ್ ಕಾಯ್ದೆಯ ಹೊತ್ತಿಗೆ ಲಂಬಾಣಿ ತಾಂಡಾಗಳು ದೊಡ್ಡ ಸಂಖ್ಯೆಯಲ್ಲಿ ಪ್ರತ್ಯೇಕ ಗ್ರಾಮ ಪಂಚಾಯಿತಿಗಳಾದವು. ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಮೀಸಲು. ಹೀಗಾಗಿ ಗಡಿ ಮಂಡಲಗಳಲ್ಲಿ ಮನೆಯಲ್ಲಿ ಲಂಬಾಣಿಯನ್ನೋ ಕನ್ನಡವನ್ನೋ ಆಡಿ ಬೆಳೆದ ಹೆಣ್ಣುಮಗಳು ಸರಪಂಚಳಾಗಿ ಕೂರುವುದು, ನಡಾವಳಿ ತೆಲುಗಿನಲ್ಲಿ ನಡೆಯುವುದು, ಮೇಲಧಿಕಾರಿ ಬಂದಾಗ ಆಕೆ ಎರಡು ಮಾತಿಗೆ ನಿಲ್ಲಿಸುವುದು ಸಹಜ. ಮಾತನ್ನು ಗಂಡನೋ ಕಾರ್ಯದರ್ಶಿಯೋ ಮುಂದುವರಿಸುತ್ತಾನೆ. ‘ಅಕ್ಕನಿಗೆ ಏನೂ ತಿಳಿಯಂಗಿಲ್ಲ’ ಎಂಬ ತೀರ್ಪು ಸಭೆ ಮುಗಿಯುವ ಮೊದಲೇ ಬಿದ್ದಿರುತ್ತದೆ. ಯಾವ ಓಣಿಯ ಬೋರ್‌ವೆಲ್ ಬತ್ತಿದೆ, ಯಾರ ಪಿಂಚಣಿ ನಿಂತಿದೆ ಎಂದು ಆಕೆಯ ಭಾಷೆಯಲ್ಲೇ ಕೇಳಿದರೆ ಹೆಸರು ಹಿಡಿದು ಹೇಳಬಲ್ಲಳೇ ಎಂಬುದು ಸಿಕ್ಕುವ ಒಳ್ಳೆಯ ಪರೀಕ್ಷೆ. ಅದನ್ನು ನಡೆಸುವ ತಾಳ್ಮೆ ಸಭೆಗಳಿಗೆ ಇರುವುದಿಲ್ಲ.

ಸಂಸತ್ತಿನಲ್ಲಿ 120ನೇ ವಿಧಿ ಇದೆ, ವಿಧಾನಸಭೆಯಲ್ಲಿ 210ನೇ ವಿಧಿ ಇದೆ. ಪಂಚಾಯಿತಿಗಳಿಗೆಂದು 1992ರ 73ನೇ ತಿದ್ದುಪಡಿ ಸೇರಿಸಿದ ಸಂವಿಧಾನದ 9ನೇ ಭಾಗದಲ್ಲಿ ಮೀಸಲಾತಿ, ಅವಧಿ, ಚುನಾವಣಾ ಆಯೋಗ, ಹಣಕಾಸು ಆಯೋಗ ಎಲ್ಲದರ ಮಾತೂ ಇದೆ. ಸದಸ್ಯ ಯಾವ ಭಾಷೆಯಲ್ಲಿ ಮಾತಾಡಬಹುದು ಎಂಬ ಮಾತು ಅಲ್ಲಿಲ್ಲ.